ಹಗುರವಾದ ಲ್ಯಾಪ್‌ಟಾಪು: ತೂಕದ ಮೂಲವೆಲ್ಲಿ?

ಅಂಗಡಿಯ ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟಿರುವ ಲ್ಯಾಪ್‌ಟಾಪುಗಳು ನೋಟಕ್ಕೆ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕಾಣುತ್ತವೆ. ಎಲ್ಲಕ್ಕೂ ಒಂದು ಪರದೆ, ಒಂದು ಕೀಲಿಮಣೆ, ಮಡಿಸಲು ಒಂದು ಕೀಲು. ಆದರೆ ತಕ್ಕಡಿಯಲ್ಲಿಟ್ಟು ತೂಗಿದರೆ ಒಂದು 1.3 ಕಿಲೋಗ್ರಾಂ, ಅದರ ಪಕ್ಕದ್ದು 2.3 ಕಿಲೋಗ್ರಾಂ ಇರಬಹುದು. ಇವುಗಳ ನಡುವಣ ಅಂತರ ಒಂದು ಲೀಟರು ನೀರಿನಷ್ಟು. ಅಂಗಡಿಯಲ್ಲಿ ಅರೆನಿಮಿಷ ಎತ್ತಿ ನೋಡುವವನಿಗೆ ಈ ಅಂತರ ಗಣನೆಗೆ ಬಾರದು. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ವಿದ್ಯಾರ್ಥಿಗೆ, ಅದರಲ್ಲಿಯೂ ಕೂರಲು ಜಾಗ ಸಿಕ್ಕದ ದಿನಗಳಲ್ಲಿ, ಅದು ಚೆನ್ನಾಗಿ ಗಣನೆಗೆ ಬರುತ್ತದೆ. ಆ ಒಂದು ಲೀಟರು ನೀರನ್ನು ಅವನು ಮೂರು ನಾಲ್ಕು ವರ್ಷ ಕಾಲ ಹೆಗಲ ಮೇಲೆ ಹೊರಬೇಕಾಗುತ್ತದೆ.

ಭಾರತ ಸರಕಾರವು 2020ರಲ್ಲಿ ಹೊರಡಿಸಿದ ಶಾಲಾ ಚೀಲದ ನೀತಿಯಲ್ಲಿ, ಚೀಲದ ತೂಕ ಮಗುವಿನ ತೂಕದ ನೂರಕ್ಕೆ 10ನ್ನು ಮೀರಬಾರದೆಂದು ಹೇಳಿದೆ. ಈ ಅಳತೆಯನ್ನೇ ಕಾಲೇಜಿನವರಿಗೂ ಇಟ್ಟುಕೊಳ್ಳೋಣ. 50 ಕಿಲೋಗ್ರಾಂ ತೂಗುವ ವಿದ್ಯಾರ್ಥಿನಿ 5 ಕಿಲೋಗ್ರಾಂ ಹೊರಬಹುದು. 2.3 ಕಿಲೋಗ್ರಾಮಿನ ಲ್ಯಾಪ್‌ಟಾಪು, 0.7 ಕಿಲೋಗ್ರಾಮಿನ ಚಾರ್ಜರು ಸೇರಿದರೆ ಐದರಲ್ಲಿ ಮೂರು ಪಾಲು ಅಲ್ಲಿಗೇ ಮುಗಿಯಿತು. ಉಳಿದ ಎರಡು ಪಾಲಿನಲ್ಲಿ ಪುಸ್ತಕ, ಊಟದ ಡಬ್ಬಿ, ನೀರು, ಕೊಡೆ ಎಲ್ಲವೂ ಅಡಕವಾಗಬೇಕು.

ಹಾಗಾದರೆ ಹಗುರವಾದುದನ್ನೇ ಕೊಳ್ಳಬಾರದೇಕೆ ಎಂದರೆ, "ಹಗುರವಾದುದೆಲ್ಲ ದುಬಾರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತು ಅರ್ಧ ಸತ್ಯ. ಲ್ಯಾಪ್‌ಟಾಪಿನ ತೂಕ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತಿಳಿದುಕೊಂಡರೆ, ಹಗುರತನಕ್ಕೆ ದುಬಾರಿಯ ದಾರಿಯಲ್ಲದೆ ಮಿತವ್ಯಯದ ದಾರಿಯೂ ಇದೆಯೆಂದು ಕಂಡುಬರುತ್ತದೆ. ಮನೆಯವರು ಕೂಡಿಟ್ಟ ಹಣದಿಂದ ಬಹುಶಃ ಒಂದೇ ಸಲ ಕೊಳ್ಳುವ ಯಂತ್ರವಾದುದರಿಂದ, ಈ ತಿಳಿವಳಿಕೆ ಕೊಳ್ಳುವ ಮುನ್ನವೇ ಇರುವುದು ಲೇಸು.

ಎರಡು ಹಳೆಯ ಯಂತ್ರಗಳ ಪಾಠ

1981ರಲ್ಲಿ ಅಮೆರಿಕದಲ್ಲಿ ಆಸ್ಬರ್ನ್ 1 ಎಂಬ ಗಣಕಯಂತ್ರ ಮಾರುಕಟ್ಟೆಗೆ ಬಂದಿತು. ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂಬುದೇ ಅದರ ಹೆಗ್ಗಳಿಕೆ. ಬೆಲೆ 1,795 ಡಾಲರು; ತೂಕ ಸುಮಾರು 11 ಕಿಲೋಗ್ರಾಂ. ಹಿಡಿಕೆಯುಳ್ಳ ಹೊಲಿಗೆಯಂತ್ರದಂತಿದ್ದ ಅದರಲ್ಲಿ 5 ಅಂಗುಲದ ಗಾಜಿನ ಕೊಳವೆಯ ಪರದೆಯಿತ್ತು. ಒಳಗೆ ಬ್ಯಾಟರಿ ಇರಲಿಲ್ಲ. ಹೋದಲ್ಲೆಲ್ಲ ಗೋಡೆಯ ವಿದ್ಯುತ್ತನ್ನು ಹುಡುಕಬೇಕಾಗಿತ್ತು.

ಅದರ ಮರುವರ್ಷವೇ ಜಪಾನಿನ ಎಪ್ಸನ್ ಕಂಪನಿಯ ಎಚ್.ಎಕ್ಸ್.-20 ಮಾರಾಟಕ್ಕೆ ಬಂದಿತು. ಅದರ ತೂಕ ಸುಮಾರು 1.6 ಕಿಲೋಗ್ರಾಂ. ಒಂದು ಹಾಳೆಯ ಅಗಲದ ಆ ಯಂತ್ರದಲ್ಲಿ ಕೀಲಿಮಣೆಯ ಜೊತೆಗೆ ಚಿಕ್ಕದೊಂದು ಮುದ್ರಣಯಂತ್ರವೂ ಇತ್ತು. ಆದರೂ ಅದರ ಬ್ಯಾಟರಿ ಒಮ್ಮೆ ತುಂಬಿದರೆ ಸುಮಾರು 50 ಗಂಟೆ ನಡೆಯುತ್ತಿತ್ತು.

ಒಂದೇ ಕಾಲದ ಎರಡು ಯಂತ್ರಗಳಲ್ಲಿ ಒಂದು ಇನ್ನೊಂದರ ಏಳು ಪಟ್ಟು ತೂಗಿದುದೇಕೆ? ಮುಖ್ಯ ಕಾರಣ ಪರದೆಯಲ್ಲಿದೆ. ಆಸ್ಬರ್ನಿನ ಗಾಜಿನ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು ಭಾರಿ ವೋಲ್ಟೇಜಿನಿಂದ ಚಿಮ್ಮಿಸಿ ಬೆಳಕು ಹುಟ್ಟಿಸಬೇಕಾಗಿತ್ತು. ಎಪ್ಸನ್ನಿನದು ದ್ರವಸ್ಫಟಿಕದ ಪರದೆ. ಹೊರಗಿನ ಬೆಳಕನ್ನೇ ಬಳಸಿಕೊಂಡು ಅಕ್ಷರಗಳನ್ನು ಕಾಣಿಸುವುದರಿಂದ ಅದಕ್ಕೆ ಅತ್ಯಲ್ಪ ವಿದ್ಯುತ್ತು ಸಾಕು. ಆ ಅಲ್ಪ ವ್ಯಯಕ್ಕೆ ಪ್ರತಿಯಾಗಿ ಅದು ಒಮ್ಮೆಗೆ ತೋರಿಸುತ್ತಿದ್ದುದು ನಾಲ್ಕೇ ಸಾಲು, ಸಾಲಿಗೆ 20 ಅಕ್ಷರ.

ಈ ಎರಡು ಯಂತ್ರಗಳೂ ಈಗ ವಸ್ತುಸಂಗ್ರಹಾಲಯ ಸೇರಿವೆ. ಆದರೆ ಅವು ಕಲಿಸಿದ ಪಾಠ ಹಳೆಯದಾಗಿಲ್ಲ. ಒಯ್ಯುವ ಗಣಕದ ತೂಕವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದು ಉಣ್ಣುವ ವಿದ್ಯುತ್ತು. ಕಡಿಮೆ ಉಣ್ಣುವ ಯಂತ್ರ ಹಗುರವಾಗಬಲ್ಲುದು. ಹೆಚ್ಚು ಉಣ್ಣುವುದು ಭಾರವಾಗಲೇಬೇಕು.

ಒಂದು ಬೇರು, ಮೂರು ಕೊಂಬೆ

ವಿದ್ಯುತ್ತಿನ ವ್ಯಯವನ್ನು ವ್ಯಾಟಿನಲ್ಲಿ ಅಳೆಯುತ್ತಾರೆಂದು ವಾಚಕರಿಗೆ ತಿಳಿದೇ ಇದೆ. ಒಂದು ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಖರ್ಚಾಗುವ ಶಕ್ತಿ ಒಂದು ವ್ಯಾಟ್-ಗಂಟೆ. ಇಂಥ 1,000 ವ್ಯಾಟ್-ಗಂಟೆಗಳು ಸೇರಿದರೆ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ಟಾಗುತ್ತದೆ. ಈಗಿನ ಹಗುರವಾದ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಸುಮಾರು 50 ವ್ಯಾಟ್-ಗಂಟೆ ಹಿಡಿಯುತ್ತದೆ. ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ ಒಂದು ಯೂನಿಟ್ಟಿನಲ್ಲಿ ಅದನ್ನು 20 ಸಲ ತುಂಬಬಹುದು. ಹಣದ ಲೆಕ್ಕದಲ್ಲಿ ಇದು ಪುಡಿಗಾಸು. ಆದರೆ ಅದೇ ಶಕ್ತಿಯನ್ನು ಜೊತೆಯಲ್ಲಿ ಹೊತ್ತು ನಡೆಯಬೇಕಾದಾಗ ಲೆಕ್ಕವೇ ಬದಲಾಗುತ್ತದೆ. ವಿದ್ಯುತ್ತು ಗೋಡೆಯಲ್ಲಿ ಅಗ್ಗ, ಹೆಗಲಿನ ಮೇಲೆ ದುಬಾರಿ.

ಮೊದಲನೆಯ ಕೊಂಬೆ ಬ್ಯಾಟರಿ. ಲಿಥಿಯಂ ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದುದು. ಲಿಥಿಯಂ-ಅಯಾನು ವಿದ್ಯುತ್ಕೋಶವನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಇಂಥ ಒಂದು ಕಿಲೋಗ್ರಾಂ ಕೋಶಗಳಲ್ಲಿ ಸುಮಾರು 250 ವ್ಯಾಟ್-ಗಂಟೆ ಶಕ್ತಿ ಅಡಗಿರುತ್ತದೆ. ಅಂದರೆ 50 ವ್ಯಾಟ್-ಗಂಟೆಗೆ 200 ಗ್ರಾಂ. ಕವಚ, ತಂತಿಗಳು ಸೇರಿ ಇನ್ನೂ ಸ್ವಲ್ಪ. ಕಾರಿನಲ್ಲಿರುವಂಥ ಸೀಸದ ಬ್ಯಾಟರಿಯಾಗಿದ್ದರೆ ಅಷ್ಟೇ ಶಕ್ತಿಗೆ ಒಂದೂವರೆ ಕಿಲೋಗ್ರಾಂ ಬೇಕಾಗುತ್ತಿತ್ತು. ಬರಹ, ಓದು, ಲೆಕ್ಕಗಳಂಥ ಹಗುರ ಕೆಲಸದಲ್ಲಿ ಲ್ಯಾಪ್‌ಟಾಪು ಸರಾಸರಿ 8 ವ್ಯಾಟ್ ಉಂಡರೆ 50 ವ್ಯಾಟ್-ಗಂಟೆಯ ಬ್ಯಾಟರಿ ಆರು ಗಂಟೆಗೂ ತುಸು ಹೆಚ್ಚು ಕಾಲ ಬರುತ್ತದೆ. ಅದೇ ಯಂತ್ರ 20 ವ್ಯಾಟ್ ಉಣ್ಣುವಂತಿದ್ದರೆ ಎರಡೂವರೆ ಗಂಟೆಗೆ ಮುಗಿಯುತ್ತದೆ. ಆರು ಗಂಟೆ ಬೇಕೆಂದರೆ ಎರಡೂವರೆ ಪಟ್ಟು ಬ್ಯಾಟರಿಯನ್ನು ಹೊರಬೇಕು.

ಎರಡನೆಯ ಕೊಂಬೆ ಶಾಖ. ಗಣಕ ಉಂಡ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬೀಳಬೇಕು. 8 ವ್ಯಾಟಿನ ಶಾಖ ಹೊರಮೈಯಿಂದಲೇ ಗಾಳಿಗೆ ಸೇರಿಹೋಗುತ್ತದೆ. 60 ವ್ಯಾಟಿನ ಶಾಖವನ್ನು ಹಾಗೆ ಬಿಟ್ಟರೆ ಯಂತ್ರ ಉಳಿಯದು. ಆದುದರಿಂದ ತಾಮ್ರದ ಶಾಖನಳಿಗೆಗಳನ್ನು ಜೋಡಿಸುತ್ತಾರೆ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಇಂಥ ನಳಿಗೆಯನ್ನು ರೂಪಿಸಿ ಪ್ರಯೋಗಿಸಿದನು. ನಳಿಗೆಯ ಒಳಗೆ ಸ್ವಲ್ಪವೇ ನೀರಿರುತ್ತದೆ. ಬಿಸಿಯಾದ ಕೊನೆಯಲ್ಲಿ ಅದು ಆವಿಯಾಗಿ ತಣ್ಣನೆಯ ಕೊನೆಗೆ ಹರಿಯುತ್ತದೆ. ಅಲ್ಲಿ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ನೀರಾಗಿ, ಒಳಗೋಡೆಯ ಸೂಕ್ಷ್ಮರಂಧ್ರಗಳ ಮೂಲಕ, ಬತ್ತಿಯಲ್ಲಿ ಎಣ್ಣೆ ಏರುವಂತೆ, ಹಿಂದಿರುಗುತ್ತದೆ. ಉಪಾಯ ಬಹಳ ಸೊಗಸಾದುದು. ಆದರೆ ತಾಮ್ರ ನೀರಿನ ಒಂಬತ್ತು ಪಟ್ಟು ಭಾರದ ಲೋಹ. ಅದರ ಜೊತೆಗೆ ಒಂದೋ ಎರಡೋ ಫ್ಯಾನುಗಳು, ಗಾಳಿ ಆಡಲು ತೆರಪು, ಆ ತೆರಪಿಗಾಗಿ ದಪ್ಪವಾದ ಹೊರಮೈ ಎಲ್ಲವೂ ಬೇಕಾಗುತ್ತವೆ.

ಮೂರನೆಯ ಕೊಂಬೆ ಚಾರ್ಜರು. ಕಂಪನಿಗಳು ಹೇಳುವ ತೂಕದಲ್ಲಿ ಸಾಮಾನ್ಯವಾಗಿ ಇದು ಸೇರಿರುವುದಿಲ್ಲ. ಚೀಲದಲ್ಲಿ ಮಾತ್ರ ಸೇರಿರುತ್ತದೆ. 200 ವ್ಯಾಟಿನ ಚಾರ್ಜರು ಇಟ್ಟಿಗೆಯಂತೆ ಕೂರುತ್ತದೆ. 65 ವ್ಯಾಟಿನದು ಅಂಗೈಯಲ್ಲಿ ಅಡಗುತ್ತದೆ.

ಹೀಗೆ ಬ್ಯಾಟರಿ, ಶಾಖದ ನಿವಾರಣೆ, ಚಾರ್ಜರು ಎಂಬ ಮೂರು ತೂಕಗಳಿಗೂ ಬೇರು ಒಂದೇ. ವ್ಯಾಟು ಇಳಿದರೆ ಮೂರೂ ಒಟ್ಟಿಗೆ ಇಳಿಯುತ್ತವೆ.

ವೇಗದ ಬೆಲೆ

ವ್ಯಾಟನ್ನು ಇಳಿಸಿದರೆ ವೇಗವೂ ಇಳಿಯುವುದಿಲ್ಲವೆ ಎಂಬ ಸಂದೇಹ ಏಳುವುದು ಸಹಜ. ಇಳಿಯುತ್ತದೆ, ಆದರೆ ಅದೇ ಪ್ರಮಾಣದಲ್ಲಲ್ಲ.

ಪ್ರೊಸೆಸರಿನೊಳಗೆ ಕೋಟ್ಯಂತರ ಟ್ರಾನ್ಸಿಸ್ಟರುಗಳು ಪ್ರತಿ ಸೆಕೆಂಡಿಗೆ ಕೋಟಿಗಟ್ಟಲೆ ಸಲ ತೆರೆದು ಮುಚ್ಚುತ್ತಿರುತ್ತವೆ. ಹೀಗೆ ಖರ್ಚಾಗುವ ವಿದ್ಯುತ್ತು ಎರಡು ಸಂಗತಿಗಳನ್ನು ಅವಲಂಬಿಸಿದೆ: ಬಡಿತದ ವೇಗ ಮತ್ತು ವೋಲ್ಟೇಜಿನ ವರ್ಗ. ವೇಗವನ್ನು ನೂರಕ್ಕೆ 20ರಷ್ಟು ಏರಿಸಲು ವೋಲ್ಟೇಜನ್ನೂ ಅಷ್ಟೇ ಏರಿಸಬೇಕಾಯಿತೆಂದು ಭಾವಿಸೋಣ. ಆಗ ವ್ಯಯ 1.2 × 1.2 × 1.2, ಅಂದರೆ 1.73 ಪಟ್ಟಾಗುತ್ತದೆ. ವೇಗದ ಐದನೆಯ ಒಂದು ಪಾಲಿಗಾಗಿ ವಿದ್ಯುತ್ತಿನ ಮುಕ್ಕಾಲು ಪಾಲನ್ನು ಹೆಚ್ಚಾಗಿ ತೆರಬೇಕಾಯಿತು. ಇದನ್ನೇ ತಿರುಗಿಸಿ ನೋಡಿ. ಎರಡನ್ನೂ ನೂರಕ್ಕೆ 20ರಷ್ಟು ಇಳಿಸಿದರೆ 0.8 × 0.8 × 0.8, ಅಂದರೆ ಸುಮಾರು 0.51. ವೇಗದಲ್ಲಿ ಐದನೆಯ ಒಂದು ಪಾಲನ್ನು ಬಿಟ್ಟುಕೊಟ್ಟು ವಿದ್ಯುತ್ತಿನಲ್ಲಿ ಅರ್ಧವನ್ನು ಉಳಿಸಿದಂತಾಯಿತು. ಇದಕ್ಕಿಂತ ಲಾಭದ ವ್ಯಾಪಾರ ಇನ್ನೇನಿದೆ?

ಹಗುರವಾದ ಯಂತ್ರಗಳ ಪ್ರೊಸೆಸರುಗಳು ಈ ವ್ಯಾಪಾರವನ್ನೇ ಮಾಡುತ್ತವೆ. ಇಂಟೆಲ್ ಮತ್ತು ಎ.ಎಂ.ಡಿ. ಕಂಪನಿಗಳ ಪ್ರೊಸೆಸರಿನ ಹೆಸರಿನಲ್ಲಿ ಅಂಕಿಗಳ ಜೊತೆಗೆ 'ಯು' ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ಸಾಮಾನ್ಯವಾಗಿ 15ರಿಂದ 28 ವ್ಯಾಟಿನ ವರ್ಗದ್ದು. 'ಎಚ್' ಅಕ್ಷರವಿದ್ದರೆ ಸಾಮಾನ್ಯವಾಗಿ 45 ವ್ಯಾಟಿನ ಆಸುಪಾಸಿನದು. 2020ರಲ್ಲಿ ಆಪಲ್ ಕಂಪನಿ ಎಂ1 ಎಂಬ ಪ್ರೊಸೆಸರಿನ ಮ್ಯಾಕ್‌ಬುಕ್ ಏರ್ ಯಂತ್ರವನ್ನು ತಂದಾಗ ಅದರಲ್ಲಿ ಫ್ಯಾನೇ ಇರಲಿಲ್ಲ. ತೂಕ 1.29 ಕಿಲೋಗ್ರಾಂ, ಬ್ಯಾಟರಿ 50 ವ್ಯಾಟ್-ಗಂಟೆಗೂ ಕೂದಲೆಳೆಯಷ್ಟು ಕಡಿಮೆ. ಆದರೂ ದಿನವಿಡೀ ಕೆಲಸಕ್ಕೆ ಬರುವಷ್ಟು ಮಿತವ್ಯಯಿಯಾಗಿತ್ತು.

ಬರೆಯುವುದು, ಓದುವುದು, ಲೆಕ್ಕದ ಹಾಳೆ ತುಂಬುವುದು, ಪಾಠದ ಚಲನಚಿತ್ರ ನೋಡುವುದು, ಸಾಧಾರಣ ಪ್ರೋಗ್ರಾಂ ಬರೆದು ನಡೆಸುವುದು ಇವಿಷ್ಟೇ ಕೆಲಸವಾದರೆ ಕಡಿಮೆ ವ್ಯಾಟಿನ ಪ್ರೊಸೆಸರು ಧಾರಾಳವಾಗಿ ಸಾಕು. ಕೀಲಿಗಳನ್ನು ಒತ್ತುವ ಬೆರಳುಗಳಿಗಾಗಿ ಅದು ಬಹುಪಾಲು ಹೊತ್ತು ಸುಮ್ಮನೆ ಕಾದಿರುತ್ತದೆ.

ಪರದೆಯ ಲೆಕ್ಕ

ಪರದೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ, ಕರ್ಣದುದ್ದಕ್ಕೆ ಹೇಳುವ ರೂಢಿಯಿದೆ. 14 ಅಂಗುಲಕ್ಕೂ 15.6 ಅಂಗುಲಕ್ಕೂ ಅಂತರ ಒಂದೂವರೆ ಅಂಗುಲ ತಾನೇ ಎಂದು ನಾವು ಭಾವಿಸುತ್ತೇವೆ. ಆದರೆ ಆಕಾರ ಒಂದೇ ಆಗಿದ್ದರೆ ಕ್ಷೇತ್ರಫಲ ಕರ್ಣದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 15.6ನ್ನು 14ರಿಂದ ಭಾಗಿಸಿ ವರ್ಗ ಮಾಡಿದರೆ 1.24 ಬರುತ್ತದೆ. ಪರದೆಯ ಹರಹು ನೂರಕ್ಕೆ 24ರಷ್ಟು ಹೆಚ್ಚಿತು. ಅದರ ಹಿಂದಿನ ಮುಚ್ಚಳ, ಕೆಳಗಿನ ತಳಭಾಗ, ಬೆಳಗಿಸಲು ಬೇಕಾದ ವಿದ್ಯುತ್ತು ಎಲ್ಲವೂ ಅದರೊಡನೆ ಹೆಚ್ಚಿದುವು. ಪ್ರಯಾಣಕ್ಕೆ 13ರಿಂದ 14 ಅಂಗುಲದ ಪರದೆ ಯೋಗ್ಯವೆಂದು ಹೇಳುವುದು ಇದೇ ಕಾರಣದಿಂದ. ಅದಕ್ಕಿಂತ ಕಿರಿದಾದರೆ ಕೀಲಿಮಣೆಯೂ ಕುಗ್ಗುತ್ತದೆ. ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ 19 ಮಿಲಿಮೀಟರು ಅಂತರವಿದ್ದರೆ ಬೆರಳುಗಳು ಇಕ್ಕಟ್ಟಿಲ್ಲದೆ ಆಡುತ್ತವೆ.

ಇಂದಿನ ಬಹುತೇಕ ಪರದೆಗಳ ಹಿಂದೆ ಬಿಳಿಯ ಎಲ್.ಇ.ಡಿ. ದೀಪಗಳಿರುತ್ತವೆ. ಗ್ಯಾಲಿಯಂ ನೈಟ್ರೈಡ್ ಎಂಬ ಪದಾರ್ಥದಿಂದ ನೀಲಿ ಬೆಳಕು ಹೊರಡಿಸಿದ ಅಕಾಸಾಕಿ, ಅಮಾನೊ, ನಾಕಾಮುರ ಎಂಬವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಆ ನೀಲಿ ಬೆಳಕಿನಿಂದಲೇ ಈ ಬಿಳಿಯ ದೀಪ ಸಾಧ್ಯವಾದದ್ದು. ಪರದೆಯ ಪ್ರಖರತೆಯನ್ನು 'ನಿಟ್' ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ ಎಂದರೆ ಒಂದು ನಿಟ್. ಕೋಣೆಯೊಳಗೆ 250 ನಿಟ್ ಸಾಕಾದೀತು. ಬಸ್ಸಿನ ಅಥವಾ ರೈಲಿನ ಕಿಟಕಿಯ ಪಕ್ಕದಲ್ಲಿ ಕುಳಿತು ಓದುವವರು 300ರಿಂದ 400 ನಿಟ್ ಇರುವುದನ್ನು ಆರಿಸಿಕೊಳ್ಳಬೇಕು. ಪ್ರಖರತೆಯನ್ನು ಪೂರ್ತಿ ಏರಿಸಿದರೆ ಬ್ಯಾಟರಿ ಬೇಗನೆ ಬತ್ತುವುದೆಂಬುದೂ ನೆನಪಿನಲ್ಲಿರಲಿ.

ಹಗುರತನಕ್ಕೆ ಎರಡು ದಾರಿ, ಮತ್ತೊಂದು ಅಡ್ಡದಾರಿ

ಯಂತ್ರವನ್ನು ಹಗುರಗೊಳಿಸಲು ಮೊದಲನೆಯ ದಾರಿ ಪದಾರ್ಥವನ್ನು ಬದಲಿಸುವುದು. ಅಲ್ಯೂಮಿನಿಯಂ ನೀರಿನ 2.7 ಪಟ್ಟು ಭಾರ, ಮೆಗ್ನೀಸಿಯಂ 1.74 ಪಟ್ಟು. ಗಟ್ಟಿತನ ಕೆಡದಂತೆ ತೂಕ ಇಳಿಸಲು ಮೆಗ್ನೀಸಿಯಂ ಮಿಶ್ರಲೋಹವನ್ನೋ ಇಂಗಾಲದ ಎಳೆಗಳ ಹೆಣಿಗೆಯನ್ನೋ ಬಳಸುತ್ತಾರೆ. 1982ರಷ್ಟು ಹಿಂದೆಯೇ ಗ್ರಿಡ್ ಕಂಪಾಸ್ ಎಂಬ ಮಡಿಸುವ ಗಣಕಕ್ಕೆ ಮೆಗ್ನೀಸಿಯಂ ಕವಚವಿತ್ತು. ಅದು ಬಾಹ್ಯಾಕಾಶ ನೌಕೆಯಲ್ಲಿಯೂ ಪ್ರಯಾಣ ಮಾಡಿತು. ಬೆಲೆ ಮಾತ್ರ 8,000 ಡಾಲರಿಗೂ ಮಿಗಿಲು. ಈ ದಾರಿ ಈಗಲೂ ದುಬಾರಿಯದೇ.

ಎರಡನೆಯ ದಾರಿ ಬೇಡದುದನ್ನು ಬಿಡುವುದು. ಕಡಿಮೆ ವ್ಯಾಟಿನ ಪ್ರೊಸೆಸರು, ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪಿಲ್ಲದ ರಚನೆ, ಹದವಾದ ಪರದೆ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಹಣ ಉಳಿಯುವುದೂ ಉಂಟು. 2007ರಲ್ಲಿ ತೈವಾನಿನ ಏಸಸ್ ಕಂಪನಿ ತಂದ ಈ ಪಿಸಿ ಎಂಬ ಪುಟ್ಟ ಯಂತ್ರ ಒಂದು ಕಿಲೋಗ್ರಾಮಿಗೂ ಕಡಿಮೆ ತೂಗುತ್ತಿತ್ತು. ಅಮೆರಿಕದಲ್ಲಿ ಅದರ ಒಂದು ಮಾದರಿಯ ಬೆಲೆ 399 ಡಾಲರು. ಮರುವರ್ಷ ಬಂದ ಮೊದಲ ಮ್ಯಾಕ್‌ಬುಕ್ ಏರ್ 1.36 ಕಿಲೋಗ್ರಾಂ, 1,799 ಡಾಲರು. ಒಂದು ತ್ಯಾಗದಿಂದ ಹಗುರವಾಯಿತು, ಇನ್ನೊಂದು ವೆಚ್ಚದಿಂದ. ಈ ಪಿಸಿಯಲ್ಲಿ ತ್ಯಾಗ ಅತಿಯಾಯಿತೆಂಬುದೂ ನಿಜ. ಅದರ 7 ಅಂಗುಲದ ಪರದೆಯನ್ನೂ ಬೆರಳಿಗೆ ಬೆರಳು ತಾಕುವ ಕೀಲಿಮಣೆಯನ್ನೂ ದಿನವಿಡೀ ಬಳಸುವುದು ಕಷ್ಟ. ಏನನ್ನು ಬಿಡಬೇಕು ಎಂಬುದರಷ್ಟೇ ಏನನ್ನು ಬಿಡಬಾರದು ಎಂಬುದೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಇವೆರಡರ ನಡುವೆ ಒಂದು ಅಡ್ಡದಾರಿಯೂ ಇದೆ. ವ್ಯಾಟನ್ನು ಇಳಿಸದೆ ಬ್ಯಾಟರಿಯನ್ನೇ ಕಿರಿದು ಮಾಡಿ "ಹಗುರ" ಎಂದು ಮಾರುವುದು. ತಕ್ಕಡಿಗೆ ಈ ಮೋಸ ತಿಳಿಯುವುದಿಲ್ಲ. ಮಧ್ಯಾಹ್ನದ ತರಗತಿಯಲ್ಲಿ ತಿಳಿಯುತ್ತದೆ. ಆದುದರಿಂದ ತೂಕವನ್ನು ಕೇಳಿದೊಡನೆಯೇ ವ್ಯಾಟ್-ಗಂಟೆಯನ್ನೂ ಕೇಳಬೇಕು. "ಹತ್ತು ಗಂಟೆ ಬರುತ್ತದೆ" ಎಂಬ ಮಾತಿಗಿಂತ ಪೆಟ್ಟಿಗೆಯ ಮೇಲಿನ ಅಥವಾ ತಳಭಾಗದ ಈ ಅಂಕಿ ಹೆಚ್ಚು ನಂಬಿಕೆಗೆ ಅರ್ಹ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಮಿತವಾದ ಹಣದಲ್ಲಿ ಕೊಳ್ಳುವವನು ಎಲ್ಲದರಲ್ಲಿಯೂ ಉತ್ತಮವಾದುದನ್ನು ಪಡೆಯಲಾರನು. ಮುಂದೆ ತಿದ್ದಿಕೊಳ್ಳಬಹುದಾದ ಕೊರತೆಯನ್ನು ಸಹಿಸಬಹುದು. ತಿದ್ದಲಾಗದ ಕೊರತೆಯನ್ನು ಸಹಿಸಬಾರದು. ಇದೇ ಆಯ್ಕೆಯ ಸೂತ್ರ.

ತಿದ್ದಲಾಗದವುಗಳಲ್ಲಿ ಮೊದಲನೆಯದು ಕೆಲಸದ ಸ್ಮೃತಿ, ಅಂದರೆ ರ‍್ಯಾಮ್. ಅನೇಕ ತೆಳು ಯಂತ್ರಗಳಲ್ಲಿ ಇದನ್ನು ಮುಖ್ಯ ಫಲಕಕ್ಕೆ ಬೆಸುಗೆ ಹಾಕಿಯೇ ಇಟ್ಟಿರುತ್ತಾರೆ. ಅದಕ್ಕೆ ಕಾರಣವಿಲ್ಲದಿಲ್ಲ. ಸ್ಮೃತಿಯ ಚಿಪ್ಪು ಪ್ರೊಸೆಸರಿಗೆ ಸಮೀಪವಾದಷ್ಟೂ ಕಡಿಮೆ ವೋಲ್ಟೇಜಿನಲ್ಲಿ ಸಂಕೇತ ಸಾಗಿಸಬಹುದು. ವಿದ್ಯುತ್ತೂ ಜಾಗವೂ ಉಳಿಯುತ್ತವೆ. ಆದರೆ ಎರಡು ವರ್ಷದ ಮೇಲೆ ಸಾಲದೆಂದು ತೋರಿದಾಗ ಹೆಚ್ಚಿಸುವ ದಾರಿ ಇರುವುದಿಲ್ಲ. ಇಂಥ ಯಂತ್ರದಲ್ಲಿ 16 ಗಿಗಾಬೈಟು ಇರುವುದು ಒಳ್ಳೆಯದು, 8 ಕನಿಷ್ಠ, 4 ಎಂದರೆ ಬೇಡವೆನ್ನಬೇಕು. ಎರಡನೆಯದು ಪರದೆ, ಮೂರನೆಯದು ಕೀಲಿಮಣೆ. ಕಣ್ಣಿಗೂ ಬೆರಳಿಗೂ ಒಗ್ಗದ ಯಂತ್ರ ಎಷ್ಟು ಹಗುರವಾದರೇನು?

ಶೇಖರಣೆಯ ವಿಷಯದಲ್ಲಿ ಸ್ವಲ್ಪ ವಿವೇಚನೆ ಬೇಕು. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕು ಸುಮಾರು 100 ಗ್ರಾಂ ತೂಗುತ್ತಿತ್ತು. ಬಸ್ಸಿನ ಕುಲುಕಾಟ ಅದಕ್ಕೆ ಶತ್ರು. ಈಗಿನ ಎಸ್.ಎಸ್.ಡಿ. ಪಟ್ಟಿ 22 ಮಿಲಿಮೀಟರು ಅಗಲ, 80 ಮಿಲಿಮೀಟರು ಉದ್ದ. ತೂಕ ಕೆಲವೇ ಗ್ರಾಂ. ಚಲಿಸುವ ಭಾಗವೊಂದೂ ಇಲ್ಲ. ಅದು ತೆಗೆದು ಹಾಕುವಂಥದಾಗಿದ್ದರೆ ಸದ್ಯಕ್ಕೆ ಕಡಿಮೆ ಗಾತ್ರದ್ದನ್ನು ಕೊಂಡು ಮುಂದೆ ಬದಲಿಸಬಹುದು. ಅತಿ ಅಗ್ಗದ ಯಂತ್ರಗಳಲ್ಲಿ ಇರುವ ಇ.ಎಂ.ಎಂ.ಸಿ. ಎಂಬ ಬೆಸುಗೆಯ ಶೇಖರಣೆ ನಿಧಾನಗತಿಯದು; ಬದಲಿಸಲೂ ಬಾರದು.

ಧೈರ್ಯವಾಗಿ ಉಳಿಸಬಹುದಾದ ಬಾಬುಗಳು ಇವು: ಪ್ರೊಸೆಸರಿನ ಅತ್ಯುನ್ನತ ಶ್ರೇಣಿ, ಲೋಹದ ಹೊಳಪಿನ ಹೊರಮೈ, ಮುಟ್ಟಿದರೆ ಸ್ಪಂದಿಸುವ ಪರದೆ, ಆಟಗಳ ಗ್ರಾಫಿಕ್ಸ್. ತಂತ್ರಾಂಶದಲ್ಲಿಯೂ ಉಳಿತಾಯಕ್ಕೆ ಎಡೆಯಿದೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯೂ ಲಿಬ್ರೆಆಫೀಸ್ ಎಂಬ ಬರಹ-ಲೆಕ್ಕಗಳ ತಂತ್ರಾಂಶವೂ ಹಣ ಕೊಡದೆ ದೊರೆಯುತ್ತವೆ. ಕನ್ನಡ ಲಿಪಿ ಯೂನಿಕೋಡ್ ಸಂಕೇತಕ್ರಮದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಸೇರಿರುವುದರಿಂದ ಕನ್ನಡದಲ್ಲಿ ಬರೆಯುವುದಕ್ಕೂ ಬೇರೆ ಖರ್ಚಿಲ್ಲ.

ಒಂದು ದೃಷ್ಟಾಂತ. ಒಂದೇ ಬೆಲೆಯ ಎರಡು ಯಂತ್ರಗಳಿವೆ ಎಂದುಕೊಳ್ಳೋಣ. ಮೊದಲನೆಯದು 15.6 ಅಂಗುಲ, 45 ವ್ಯಾಟಿನ ಪ್ರೊಸೆಸರು, ಪ್ರತ್ಯೇಕ ಗ್ರಾಫಿಕ್ಸ್, 8 ಗಿಗಾಬೈಟು ಸ್ಮೃತಿ, 2.3 ಕಿಲೋಗ್ರಾಂ. ಎರಡನೆಯದು 14 ಅಂಗುಲ, 15 ವ್ಯಾಟಿನ ಪ್ರೊಸೆಸರು, 16 ಗಿಗಾಬೈಟು, 1.4 ಕಿಲೋಗ್ರಾಂ. ಮಾರುವವನು ಮೊದಲನೆಯದನ್ನೇ ಹೊಗಳಿಯಾನು. ಅದರಲ್ಲಿ ದೊಡ್ಡ ಅಂಕಿಗಳು ಹೆಚ್ಚು. ಆದರೆ ವಾಣಿಜ್ಯ, ಕಾನೂನು, ಸಾಹಿತ್ಯ, ಶುದ್ಧ ವಿಜ್ಞಾನಗಳ ವಿದ್ಯಾರ್ಥಿಗೂ ಊರೂರು ತಿರುಗಿ ವರದಿ ಬರೆಯುವ ಉದ್ಯೋಗಿಗೂ ಎರಡನೆಯದೇ ತಕ್ಕುದು. ಯಂತ್ರಭಾಗಗಳ ಘನಾಕೃತಿ ರಚನೆ, ಚಲನಚಿತ್ರ ಸಂಕಲನ ಮೊದಲಾದವನ್ನು ನಿತ್ಯವೂ ಮಾಡಬೇಕಾದವರಿಗೆ ಮೊದಲನೆಯದು ಬೇಕಾದೀತು. ಅಂಥವರು ಕೂಡ ಆ ಕೆಲಸಕ್ಕೆ ಕಾಲೇಜಿನ ಪ್ರಯೋಗಶಾಲೆಯ ಗಣಕ ದೊರೆಯುವುದೇ ಎಂದು ಮೊದಲು ವಿಚಾರಿಸುವುದು ಒಳ್ಳೆಯದು. ವಾರಕ್ಕೊಮ್ಮೆ ಬೇಕಾಗುವ ಬಲವನ್ನು ದಿನವೂ ಹೊರುವುದರಲ್ಲಿ ಅರ್ಥವಿಲ್ಲ.

ಬಳಸಿದ ಯಂತ್ರವನ್ನು ಕೊಳ್ಳುವವರಿಗೆ

ದೊಡ್ಡ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ಬದಲಿಸಿದ ಲ್ಯಾಪ್‌ಟಾಪುಗಳು ದುರಸ್ತಿಯಾಗಿ ಮತ್ತೆ ಮಾರಾಟಕ್ಕೆ ಬರುತ್ತವೆ. ಇವುಗಳಲ್ಲಿ ಅನೇಕವು ಗಟ್ಟಿಮುಟ್ಟಾದ, 14 ಅಂಗುಲದ, ಒಂದೂವರೆ ಕಿಲೋಗ್ರಾಮಿನ ಸುತ್ತಮುತ್ತಲಿನ ಯಂತ್ರಗಳು. ಮೊದಲನೆಯ ದಾರಿಯ ದುಬಾರಿ ಹಗುರತನ ಕಡಿಮೆ ಬೆಲೆಗೆ ಕೈಗೆ ಬರುವುದು ಇಲ್ಲಿಯೇ. ಆದರೆ ಎರಡು ಪರೀಕ್ಷೆಗಳನ್ನು ತಪ್ಪದೆ ಮಾಡಬೇಕು.

ಮೊದಲನೆಯದು ತಂತ್ರಾಂಶದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. 2017ಕ್ಕಿಂತ ಹಿಂದಿನ ಪ್ರೊಸೆಸರುಳ್ಳ ಬಹುಪಾಲು ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪಿಕೊಳ್ಳುವುದಿಲ್ಲ. ಅಂಥದನ್ನು ಕೊಂಡರೆ ಲಿನಕ್ಸ್ ಹಾಕಿಕೊಳ್ಳುವ ಸಿದ್ಧತೆಯಿರಬೇಕು.

ಎರಡನೆಯದು ಬ್ಯಾಟರಿಯದು. ಲಿಥಿಯಂ-ಅಯಾನು ಕೋಶ ಕೆಲವು ನೂರು ಸಲ ತುಂಬಿ ಬರಿದಾದ ಮೇಲೆ ತನ್ನ ಸಾಮರ್ಥ್ಯದ ಒಂದಂಶವನ್ನು ಕಳೆದುಕೊಳ್ಳುತ್ತದೆ; ಬಳಸದೆ ಇಟ್ಟರೂ, ಅದರಲ್ಲಿಯೂ ಬಿಸಿಯಲ್ಲಿ ಇಟ್ಟರೆ, ಮುಪ್ಪಾಗುತ್ತದೆ. ವಿಂಡೋಸ್‌ನಲ್ಲಿ ಬ್ಯಾಟರಿಯ ವರದಿಯನ್ನು ಪಡೆಯುವ ಸೌಕರ್ಯವಿದೆ. ಹುಟ್ಟಿದಾಗಿನ ಸಾಮರ್ಥ್ಯ, ಈಗ ಹಿಡಿಯುವ ಸಾಮರ್ಥ್ಯ ಎಂಬ ಎರಡು ಅಂಕಿಗಳು ಅದರಲ್ಲಿರುತ್ತವೆ. 50 ಇದ್ದುದು 30ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಯಂತ್ರದ ಬೆಲೆಗೆ ಕೂಡಿಸಿ ನೋಡಬೇಕು. ಆ ಬ್ಯಾಟರಿ ಪೇಟೆಯಲ್ಲಿ ಸಿಕ್ಕುವುದೇ ಎಂಬುದನ್ನೂ ಕೇಳಬೇಕು.

ಪ್ರಯಾಣದ ಮಾತು

ವಿಮಾನದಲ್ಲಿ ಒಯ್ಯುವ ಲಿಥಿಯಂ ಬ್ಯಾಟರಿಗೆ 100 ವ್ಯಾಟ್-ಗಂಟೆಯ ಮಿತಿಯಿದೆ. 160ರವರೆಗಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಕೋಶದೊಳಗೆ ಎರಡು ಧ್ರುವಗಳು ಒಂದಕ್ಕೊಂದು ತಾಕಿದರೆ ಶಾಖ ತಾನೇ ಶಾಖವನ್ನು ಹೆಚ್ಚಿಸುತ್ತ ಬೆಂಕಿ ಹೊತ್ತಿಕೊಳ್ಳಬಹುದು. ಆದುದರಿಂದಲೇ ಬಿಡಿ ಬ್ಯಾಟರಿಯನ್ನೂ ಪವರ್ ಬ್ಯಾಂಕನ್ನೂ ಕೈಚೀಲದಲ್ಲಿಯೇ ಇಡಬೇಕು. ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿ ಇಡಕೂಡದು. ಪವರ್ ಬ್ಯಾಂಕಿನ ಮೇಲೆ ಮಿಲಿಆಂಪಿಯರ್-ಗಂಟೆಯ ಅಂಕಿಯಿರುತ್ತದೆ. ಅದನ್ನು 1,000ದಿಂದ ಭಾಗಿಸಿ 3.7 ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಗಂಟೆ ಸಿಕ್ಕುತ್ತದೆ. 20,000 ಎಂದಿದ್ದರೆ 74. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಧಾರಣ ದರ್ಜೆಯವರ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋಗ್ರಾಮಿನ ಮಿತಿಯಿರುವುದರಿಂದ ಅಲ್ಲಿಯೂ ಒಂದು ಕಿಲೋಗ್ರಾಮಿನ ಉಳಿತಾಯ ಸಣ್ಣದಲ್ಲ.

ಚಾರ್ಜರಿನಲ್ಲಿ ಇತ್ತೀಚೆಗೆ ಆಗಿರುವ ಸುಧಾರಣೆ ಪ್ರಯಾಣಿಕರಿಗೆ ವರವಾಗಿದೆ. ಚಾರ್ಜರಿನೊಳಗಿನ ಟ್ರಾನ್ಸ್‌ಫಾರ್ಮರಿನ ಗಾತ್ರ ವಿದ್ಯುತ್ತಿನ ಆವರ್ತನ ಏರಿದಷ್ಟೂ ಕಿರಿದಾಗುತ್ತದೆ. ಗೋಡೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ತೊನೆಯುವುದು. ಚಾರ್ಜರು ಅದನ್ನು ಲಕ್ಷದಷ್ಟು ಸಲ ಕತ್ತರಿಸಿ ಬಳಸುತ್ತದೆ. ಪರದೆಯ ದೀಪದಲ್ಲಿ ಕಂಡ ಗ್ಯಾಲಿಯಂ ನೈಟ್ರೈಡೇ ಇಲ್ಲಿಯೂ ನೆರವಿಗೆ ಬಂದಿದೆ. ಸಿಲಿಕಾನಿಗಿಂತ ಚುರುಕಾಗಿ, ಕಡಿಮೆ ನಷ್ಟದಲ್ಲಿ ಅದು ಈ ಕತ್ತರಿಸುವ ಕೆಲಸ ಮಾಡುವುದರಿಂದ 65 ವ್ಯಾಟಿನ ಚಾರ್ಜರು 150 ಗ್ರಾಮಿಗಿಂತಲೂ ಹಗುರವಾಗಬಹುದು. ಯು.ಎಸ್.ಬಿ.-ಸಿ ತೂತಿನಿಂದಲೇ ತುಂಬಿಸಿಕೊಳ್ಳುವ ಲ್ಯಾಪ್‌ಟಾಪಾದರೆ ಇದೊಂದೇ ಚಾರ್ಜರು ಫೋನಿಗೂ ಸಾಕು. ಕಳೆದುಹೋದರೆ ಯಾವ ಊರಿನಲ್ಲಿಯಾದರೂ ಮತ್ತೊಂದು ಸಿಕ್ಕೀತು. ಐರೋಪ್ಯ ಒಕ್ಕೂಟವು ಲ್ಯಾಪ್‌ಟಾಪುಗಳಿಗೆ ಈ ಬಗೆಯ ಜೋಡಣೆಯನ್ನು 2026ರ ಏಪ್ರಿಲ್ 28ರಿಂದ ಕಡ್ಡಾಯಗೊಳಿಸಿದೆ.

ಅಂಗಡಿಗೆ ಹೋಗುವ ಮುನ್ನ

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು. ಚಾರ್ಜರೂ ಸೇರಿ ಒಟ್ಟು ತೂಕವೆಷ್ಟು? ಬ್ಯಾಟರಿ ಎಷ್ಟು ವ್ಯಾಟ್-ಗಂಟೆ? ಪ್ರೊಸೆಸರು ಎಷ್ಟು ವ್ಯಾಟಿನ ವರ್ಗದ್ದು? ಸ್ಮೃತಿ ಎಷ್ಟು, ಮುಂದೆ ಹೆಚ್ಚಿಸಬಹುದೆ? ಶೇಖರಣೆ ಬದಲಿಸಬಹುದೆ? ಪರದೆ ಎಷ್ಟು ನಿಟ್? ಯು.ಎಸ್.ಬಿ.-ಸಿಯಿಂದ ತುಂಬುತ್ತದೆಯೆ? ದುರಸ್ತಿ ಮಾಡುವವರು ನಮ್ಮ ಊರಿನಲ್ಲಿ ಅಥವಾ ಹತ್ತಿರದ ಪಟ್ಟಣದಲ್ಲಿ ಇದ್ದಾರೆಯೆ? ಈ ಎಂಟು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಬೆಲೆಯನ್ನು ಹೋಲಿಸಬೇಕು. ಅದಕ್ಕೆ ಮೊದಲು ಹೋಲಿಸಿದರೆ ಹೋಲಿಕೆಯಾಗದು.

ತನ್ನ ಕೆಲಸಕ್ಕೆ ಎಷ್ಟು ಬಲ ಬೇಕೆಂಬುದನ್ನು ಮೊದಲೇ ಅಳೆದುಕೊಂಡವನು ಕಡಿಮೆ ಹಣ ಕೊಡುತ್ತಾನೆ. ಕಡಿಮೆ ಭಾರವನ್ನೂ ಹೊರುತ್ತಾನೆ. ಹೀಗೆ ಉಳಿದ ಒಂದು ಕಿಲೋಗ್ರಾಮಿನ ಜಾಗದಲ್ಲಿ ಎರಡು ಒಳ್ಳೆಯ ಪುಸ್ತಕಗಳು ಹಿಡಿಯುತ್ತವೆ.